ಶುಕ್ರವಾರ ಕೊಡದ ಹೆಪ್ಪು

ಬಾಗೂರಿನ ನೀಲಾಂಬಿಕೆಯವರ ಹಿತ್ತಿಲಲ್ಲಿ ನೆಲವೆಂದು ನಂಬಿ ಇಟ್ಟ ನನ್ನ ಬಲಗಾಲು ಮೊಣಕಾಲವರೆಗೂ ಇಳಿಯಿತು. ಅದು ಗೋಬರ್ ಗ್ಯಾಸ್ ಗುಂಡಿಯಿಂದ ಹೊರಬರುವ ಬಗ್ಗಡದ ತೊಟ್ಟಿ, ಮೇಲಷ್ಟೇ ಒಣಗಿತ್ತು. ಪತ್ರಿಕೆಗೆ ವಿಜ್ಞಾನ ಬರೆಯುವವನೆಂದು ಆಗಷ್ಟೇ ಪರಿಚಯ ಹೇಳಿಕೊಂಡಿದ್ದೆ.

ಎಳೆದು ಮೇಲೆತ್ತಿದವರು ಲಕ್ಕಯ್ಯ. ಗಾರೆ ಕೆಲಸದವರು, ಮೂವತ್ತು ವರ್ಷದಿಂದ ಚನ್ನರಾಯಪಟ್ಟಣದ ಸುತ್ತ ಇಂಥ ಗುಂಡಿಗಳನ್ನು ಕಟ್ಟುತ್ತ, ಕೆಟ್ಟವನ್ನು ಸರಿಮಾಡುತ್ತ ಬಂದವರು. ನಾನು ಹೋದದ್ದೇ ಅವರ ಬಗ್ಗೆ ಬರೆಯಲು.

"ಮ್ಯಾಲೆ ಗಟ್ಟಿ, ಒಳಗೆ ತೆಳು ಸಾ. ಬರೆಯೋರಿಗೆ ಗೊತ್ತಿರ್ತದೆ ಅಂದ್ಕಂಡೆ," ಎಂದರು.

ಅವರು ಅಲ್ಲಿಗೆ ಬಂದದ್ದು ಬಗ್ಗಡ ಕೇಳಲು. ಪಕ್ಕದ ಮನೆಯ ಮುದ್ದಮ್ಮನ ಗ್ಯಾಸ್ ಒಲೆ ವಾರದಿಂದ ಹತ್ತಿರಲಿಲ್ಲ. ಸೊಸೆ ರಂಜಿತಾ ಕೊಟ್ಟಿಗೆ ಘಮಘಮ ಎನ್ನಲೆಂದು ಫಿನಾಯಿಲ್ ಸುರಿದು ತೊಳೆದಿದ್ದಳು. ಆ ನೀರು ಗುಂಡಿಗಿಳಿದು, ಗ್ಯಾಸ್ ಮಾಡುವ ಕಣ್ಣಿಗೆ ಕಾಣದ ಹುಳುಗಳು ಸತ್ತಿದ್ದವು. ಅಮಾವಾಸ್ಯೆಯೊಳಗೆ ಉರಿ ಬಾರದಿದ್ದರೆ ಗುಂಡಿಗೆ ಮಣ್ಣು ಮುಚ್ಚಿಸುವುದೆಂದು ಮಗ ಧರ್ಮೇಂದ್ರ ಜೆಸಿಬಿಯವನಿಗೆ ಹೇಳಿಟ್ಟಿದ್ದ. ಅಮಾವಾಸ್ಯೆಗೆ ಹನ್ನೊಂದು ದಿನವಿತ್ತು. ಅದು ಲಕ್ಕಯ್ಯ ಕಟ್ಟಿದ ಮೊದಲ ಗುಂಡಿ.

ಸತ್ತ ಗುಂಡಿಗೆ ಬದುಕಿರುವ ಗುಂಡಿಯ ಬಗ್ಗಡ ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದಂತೆ. ಹಾಗೆಂದು ಊರಿಗೆಲ್ಲ ಕಲಿಸಿದವರೂ ಲಕ್ಕಯ್ಯನೇ.

"ನೀವೇ ಅಲ್ವಾ ಲಕ್ಕಯ್ಯ ಅದನ್ನ ಹೆಪ್ಪು ಅಂದಿದ್ದು?" ಎಂದರು ನೀಲಾಂಬಿಕೆ. "ಶುಕ್ರವಾರ ಮನೆಯಿಂದ ಹೆಪ್ಪು ಆಚೆ ಕೊಡಲ್ಲ. ನಾಳೆ ಬನ್ನಿ."

"ಸಗಣಿಗೂ ಶುಕ್ರವಾರ ಐತೇನವ್ವಾ?" ಗೋಡೆಯಾಚೆಯಿಂದ ಮುದ್ದಮ್ಮ.

ಲಕ್ಕಯ್ಯ ನನ್ನ ಕಾಲನ್ನೇ ನೋಡುತ್ತಿದ್ದರು. "ಸಾ, ಶೂ ಬಿಚ್ಬ್ಯಾಡಿ. ಪ್ಯಾಂಟಿಂದು ಗಾಳಿಗೆ ಸತ್ತೋಯ್ತದೆ. ಶೂ ಒಳಗಿಂದು ಇನ್ನೂ ಬದುಕೈತೆ." ಆಮೇಲೆ ನೀಲಾಂಬಿಕೆಯವರ ಕಡೆ ತಿರುಗಿ, "ನೀವು ಕೊಟ್ಟಿಲ್ಲ ಕಣವ್ವ. ಅವರೇ ತಗಂಡವ್ರೆ."

ನೀಲಾಂಬಿಕೆ ಯೋಚಿಸಿ, ಹಾಗಾದರೆ ಅಡ್ಡಿಯಿಲ್ಲವೆಂದರು. ನಾನು ಪಚಪಚ ಎನ್ನುತ್ತ ಬೀದಿಯಲ್ಲಿ ನಡೆದು, ಮುದ್ದಮ್ಮನ ಗುಂಡಿಗೆ ಶೂ ಬಗ್ಗಿಸಿದೆ. ಶನಿವಾರ ನೀಲಾಂಬಿಕೆ ಕರೆದು ಎಂಟು ಬಕೆಟ್ ಕೊಟ್ಟರು. ಹಾಗಿದ್ದರೆ ನನ್ನ ಶೂ ಯಾಕೆ ಬೇಕಿತ್ತೆಂದು ಕೇಳಿದೆ. "ಒಂದಿನ ಮುಂಚೆ ಆಯ್ತಲ್ಲ ಸಾ," ಎಂದರು ಲಕ್ಕಯ್ಯ.

ಆಮೇಲೆ ಮೂರು ಸಲ ಹೋದೆ. ಮೂರು ಸಲವೂ, ಒಂದು ಫೋಟೊಗೆ ಗುಂಡಿಯ ಮುಚ್ಚಳ ಚೂರು ತೆಗೆಯಿರಿ ಎಂದೆ. ಲಕ್ಕಯ್ಯ ಮುಚ್ಚಳದ ಮೇಲೆಯೇ ಕೂತು ಪಾಠ ಹೇಳಿದರು: "ದನಿನ ವಟ್ಟೇಲಿ ಗಾಳಿ ಆಡ್ತದಾ? ಅಲ್ಲಿಂದ್ಲೇ ಬಂದವು ಈ ಹುಳ. ಅಲ್ಲಿ ಹುಲ್ಲು, ಇಲ್ಲಿ ಸಗಣಿ. ಮಿಕ್ಕಿದ್ದು ವಲಕ್ಕೆ, ವಲದ ಹುಲ್ಲು ತಿರ್ಗಾ ದನಕ್ಕೆ."

ಅಮಾವಾಸ್ಯೆಯ ಹಿಂದಿನ ದಿನ ಮುದ್ದಮ್ಮ ಕಡ್ಡಿ ಗೀರಿದರು. ಬುಸ್ ಎಂದು ಎರಡು ಸಲ ಆರಿತು. ಮೂರನೆಯ ಸಲ ನೀಲಿ ಉರಿ ನಿಂತಿತು. ಮುದ್ದಮ್ಮ ಮುದ್ದೆಗೆ ಎಸರಿಟ್ಟು ಮಗನಿಗೆ ಕೂಗಿದರು: "ಲೇ ಧರ್ಮೇಂದ್ರ, ಜೆಸಿಬಿಯವನಿಗೂ ಸೇರಿಸಿ ಹಿಟ್ಟಾಕ್ಲೇನ್ಲಾ?"

ಧರ್ಮೇಂದ್ರ ಫೋನ್ ಹಿಡಿದು ಹೊರಗೆ ಹೋದ.

ಬರೆಯಲು ಕೊನೆಯ ಸಾಲು ಬೇಕಿತ್ತು. "ಗಾಳಿಯೇ ಇಲ್ಲದ ಆ ಕತ್ತಲಲ್ಲಿ ಹುಳುಗಳು ಹೇಗೆ ಬದುಕ್ತವೆ ಲಕ್ಕಯ್ಯನೋರೆ?" ಎಂದೆ.

"ಮುಚ್ಚಳ ತೆಗೆದು ಇಂಗೆ ಇಚಾರ್ಸೋರು ಇಲ್ದಿದ್ರೆ, ಚೆನ್ನಾಗೇ ಇರ್ತವೆ ಸಾ."