ಜಪಾನಿ ಹೋಟೆಲಿನಲ್ಲಿ ಅನ್ನಕ್ಕೆ ಕಾದದ್ದು

ಅಂಗೈಯಷ್ಟು ಕರಿಯ ತಟ್ಟೆ, ಅದರಲ್ಲಿ ಸೌತೆಕಾಯಿಯ ಮೂರು ಬಿಲ್ಲೆ. ತಂದಿಟ್ಟವನು ಸೊಂಟ ಬಗ್ಗಿಸಿ ನಮಸ್ಕರಿಸಿದ. ನಾನೂ ಗಾಬರಿಯಿಂದ ಅರ್ಧ ಎದ್ದು ಕೈಮುಗಿದೆ. ಬಂದು ಇಷ್ಟು ವರ್ಷವಾದರೂ ಮುಂಬೈ ನನ್ನನ್ನು ಹೀಗೆ ಆಗಾಗ ಬೇಸ್ತು ಬೀಳಿಸುತ್ತದೆ.

ಕೊಲಾಬಾದ ಆ ಹೊಸ ಜಪಾನಿ ಹೋಟೆಲಿಗೆ ಕರೆದವಳು ಮಗಳು ಸುಮಾ. ನಮಗೆ ಹೇಳದೆ ಮರಾಠಿ ಹುಡುಗನನ್ನು ಮದುವೆಯಾಗಿ ಮುಂಬೈಯದೇ ಇನ್ನೊಂದು ತುದಿಯ ಮುಲುಂಡ್ ಸೇರಿದ್ದಳು. ಅಂದಿನಿಂದ ನಮ್ಮ ಯಜಮಾನರು ಅವಳೊಂದಿಗೆ ಮಾತು ಬಿಟ್ಟಿದ್ದರು. ಅಂಥವರು ಕೊನೆಗೂ ಒಪ್ಪಿದ್ದರು. ಚೆಂಬೂರಿನಿಂದ ಲೋಕಲ್ಲಿನಲ್ಲಿ ಬರುವಾಗ ದಾರಿಯುದ್ದಕ್ಕೂ, "ಏನು ಮಾತಾಡೋದೇ ಅವಳ ಹತ್ರ?" ಎಂದು ನನ್ನನ್ನೇ ಕೇಳಿದ್ದರು.

"ಎಲ್ಲಾ ವೆಜ್ ಅಪ್ಪ, ಮೊದಲೇ ಬೋಲ್‌ಕೆ ರಖಾ ಹೈ, ಹೇಳಿಟ್ಟಿದ್ದೀನಿ. ತಗೊಳ್ಳಿ," ಎಂದಳು ಸುಮಾ.

"ಬರಲಿ, ಬರಲಿ. ಅವಸರ ಏನಿಲ್ಲ," ಎಂದರು ಇವರು, ನಗುತ್ತಲೇ.

ತಟ್ಟೆಗಳು ಬರುತ್ತಲೇ ಇದ್ದವು: ಸುಟ್ಟ ಬದನೆಕಾಯಿಯ ಒಂದು ಹೋಳು, ನಾಲ್ಕು ಬೀನ್ಸು, ತೋಫು ಎಂಬ ಸೋಯಾ ಹಾಲಿನ ಮೆತ್ತನೆಯ ಗಡ್ಡೆ. ನಮ್ಮ ಮೈಸೂರಿನ ಕಡೆ ಎಲೆಯ ತುದಿಗೆ ಕೋಸಂಬರಿ, ಪಲ್ಯ ಬಡಿಸಿಕೊಂಡು ಹೋಗುತ್ತಾರೆ. ಅನ್ನ ಬಂದು ತುಪ್ಪ ಬೀಳುವವರೆಗೆ ಯಾರೂ ಕೈಹಾಕುವುದಿಲ್ಲ. ನಾವಿಬ್ಬರೂ ಹಾಗೆಯೇ ಕಾದೆವು. ಸುಮಾ ಮಾತ್ರ ತಿನ್ನುತ್ತಿದ್ದಳು. ಆಫೀಸಿನಿಂದ ಹಸಿದು ಬಂದಿದೆ ಮಗು ಅಂದುಕೊಂಡೆ. ಟಿಫಿನ್ ಡಬ್ಬಿಯಲ್ಲೇ ಬೆಳೆದವಳು, ಎಲೆಯೂಟಕ್ಕೆ ಕೂತದ್ದು ಅಪರೂಪ. ಅಷ್ಟರಲ್ಲಿ ಮಾಣಿ ನಾವು ಮುಟ್ಟದ ತಟ್ಟೆಗಳನ್ನು ಎತ್ತತೊಡಗಿದ.

ಸುಮಾಳ ಕಣ್ಣು ತುಂಬಿತು. "ನಾನು ಕೊಟ್ಟಿದ್ದು ಒಂದು ತುತ್ತೂ ಬೇಡವಾ ಅಪ್ಪ? ಇತ್ನೀ ನಫ್ರತ್? ಇಷ್ಟು ದ್ವೇಷಾನಾ?"

"ಅಯ್ಯೋ, ಇನ್ನೂ ಅನ್ನ ಬಡಿಸಿಲ್ವಲ್ಲೇ, ಅದಕ್ಕೇ ಕಾಯ್ತಿದ್ವಿ," ಅಂದೆ ನಾನು.

"ಬಹಾನಾ ಬೇಡ ಅಮ್ಮ, ನೆಪ ಹೇಳ್ಬೇಡ. ಬಂದಿದ್ದಾದ್ರೂ ಯಾಕೆ?"

ಬ್ಯಾಗೆತ್ತಿಕೊಂಡು ನಡೆದೇಬಿಟ್ಟಳು. ಇವರು ಹಿಂದೆಯೇ ಓಡಿದರು. ಬಾಗಿಲಿಗೆ ಹೋಗುವಷ್ಟರಲ್ಲಿ ಟ್ಯಾಕ್ಸಿ ಹೊರಟಿತ್ತು.

ಮರಳಿ ಬಂದರೆ ಮೇಜಿನ ಮೇಲೆ ಮೂರು ಪುಟ್ಟ ಬಟ್ಟಲುಗಳಲ್ಲಿ ಅನ್ನ. ಆ ಜನ ಅನ್ನವನ್ನು ಕಟ್ಟಕಡೆಗೆ ಬಡಿಸುತ್ತಾರಂತೆ.

"ಬಂತಲ್ಲೇ ಅನ್ನ," ಎಂದು ಇವರು ಮುಖ ಮುಚ್ಚಿಕೊಂಡು ಅತ್ತರು. ನಾನು ಒಂದು ತುತ್ತು ಬಾಯಿಗಿಟ್ಟೆ. ಸಪ್ಪೆ, ಅಂಟಂಟು.

ಸುಮಾ ಆಮೇಲೆ ಬರಲಿಲ್ಲ. ಫೋನು ಮಾಡಿದರೆ "ಬಿಜಿ ಇದ್ದೀನಿ" ಅನ್ನುತ್ತಾಳೆ. ಇವರು ನಿವೃತ್ತರಾಗಿದ್ದಾರೆ. ಮೈಸೂರಿಗೆ ಬಂದುಬಿಡಿ ಎಂದು ನನ್ನ ತಮ್ಮ ಕರೆಯುತ್ತಲೇ ಇದ್ದಾನೆ. ನನಗೂ ಅಲ್ಲಿಗೆ ಜೀವ ಎಳೆಯುತ್ತದೆ. ಇವರು ಮಾತ್ರ ಒಪ್ಪುವುದಿಲ್ಲ.

"ಅಲ್ಲಿಂದ ಮುಲುಂಡ್ ದೂರ ಆಗುತ್ತೆ ಕಣೇ," ಅನ್ನುತ್ತಾರೆ.