ಊರು ತಿರುಗುವ ಬೇನೆ, ಮನೆ ಹಿಡಿದ ಬೇನೆ

ಇವತ್ತು ಅಡುಗೆಮನೆಯಲ್ಲಿ ಚೆಲ್ಲಿದ ಜೋಳದ ಹಿಟ್ಟಿನ ಮೇಲೆ ಪಕ್ಕದ ಮನೆಯ ಬೆಕ್ಕಿನ ಮರಿ ನಡೆದುಹೋಗಿತ್ತು. ಒಂದು ಕಾಲಿನ ಗುರುತು ಮಾತ್ರ ಅರ್ಧ ಮೂಡಿತ್ತು. ಅದನ್ನು ಕಂಡದ್ದೇ, ಮರಿ ಕುಂಟುತ್ತಿದೆ ಎಂದು ಹೆದರಿದೆ. ನಗಬೇಡಿ, ಪ್ರಾಣಿ ಕುಂಟಿದರೆ ನನ್ನ ಯೋಚನೆ ನಮ್ಮೂರು ಸವದತ್ತಿಯಿಂದ ಹೊರಟು ನೇರ ಸ್ಮಶಾನದಲ್ಲೇ ನಿಲ್ಲುತ್ತದೆ.

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕರಿಯ ಎಂಬ ನಾಯಿಯಿತ್ತು, ಎಮ್ಮೆಕರುವಿನಷ್ಟು ದೊಡ್ಡದು. ಮುಂಗಾಲು ಊದಿದಾಗ ಉಳುಕೆಂದು ತಿಳಿದು ಮುನವಳ್ಳಿಯ ಎಲುಬು ಕಟ್ಟುವವರ ಬಳಿ ಒಯ್ದೆವು. ಮನುಷ್ಯರಿಗೂ ಎತ್ತಿಗೂ ಕಟ್ಟುವ ಅದೇ ಬಿದಿರಿನ ದಬ್ಬೆ, ಅದೇ ತತ್ತಿಯ ಲೋಳೆ. ಕರಿಯ ದಾರಿಯಲ್ಲೇ ತತ್ತಿ ನೆಕ್ಕಿ ಮುಗಿಸಿದ. ಊತ ಇಳಿಯಲಿಲ್ಲ. ಧಾರವಾಡದ ದನದ ಡಾಕ್ಟರು ನೋಡಿ ಎಲುಬಿನ ಕ್ಯಾನ್ಸರ್ ಎಂದರು. ಕಾಲು ತೆಗೆಸಿದೆವು. ಮೂರು ಕಾಲಲ್ಲೇ ಹಾಲಿನವನನ್ನು ಅಟ್ಟಿಸಿಕೊಂಡು ಹೋದ, ಗೆದ್ದೆವೆಂದುಕೊಂಡೆ. ಚಳಿಗಾಲಕ್ಕೆ ಕೆಮ್ಮು ಶುರುವಾಯಿತು. ಕಾಲು ತೆಗೆಯುವ ಮೊದಲೇ ಬೇನೆ ಪುಪ್ಪುಸಕ್ಕೆ ಓಡಿತ್ತು. ಕರಿಯ ಉಳಿಯಲಿಲ್ಲ.

ಹತ್ತಾರು ವರ್ಷಗಳ ನಂತರ ನಮ್ಮ ಬೆಕ್ಕು ಚಿನ್ನಿಯ ಹಿಂಗಾಲು ಊದಿತು. ಅದೇ ಡಾಕ್ಟರು, ಅದೇ ರೋಗ, ಅದೇ ಸಲಹೆ.

"ಬ್ಯಾಡ್ರಿ," ಎಂದೆ. "ಕಾಲೂ ಹೋಗಿ ಜೀವಾನೂ ಹೋಗೂದು ನೋಡೇನ್ರಿ."

"ನಾಯಿ ಲೆಕ್ಕ ಬೆಕ್ಕಿಗೆ ಹಾಕಬ್ಯಾಡ್ರಿ," ಎಂದರು ಡಾಕ್ಟರು. "ನಾಯ್ಯಾಗ ಇದು ಲಗೂನ ಪುಪ್ಪುಸಕ್ಕ ಹಬ್ಬತೈತಿ. ಬೆಕ್ಕಿನ್ಯಾಗ ಬಾಳ ಸಲ ಹುಟ್ಟಿದಲ್ಲೇ ಇರತೈತಿ. ಎದಿ ಎಕ್ಸ್‌ರೇ ಸ್ವಚ್ಛ ಐತಿ. ಖಾತ್ರಿ ಕೊಡಂಗಿಲ್ಲ, ಆದ್ರ ಆಸೆ ಐತಿ."

ನಾನು ಇನ್ನೂ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದೆ. ಚಿನ್ನಿಯ ಬುಟ್ಟಿ ಹಿಡಿದು ಕುಳಿತಿದ್ದ ಅವ್ವ ರೇಗಿದಳು. "ನಾಯಿ ಊರೆಲ್ಲಾ ತಿರಗತೈತಿ, ಬೆಕ್ಕು ಮನಿ ಬಿಡಂಗಿಲ್ಲ. ಅವುಗಳ ಬ್ಯಾನಿನೂ ಹಂಗ! ಇಷ್ಟು ತಿಳಿಯಾಕ ನಿನಗ ಇನ್ನೆಷ್ಟು ಸಾಲಿ ಕಲಿಸಬೇಕಿತ್ತೋ?"

ಡಾಕ್ಟರು ನಕ್ಕರು. "ಇನ್ನ ಮ್ಯಾಲೆ ನಾನೂ ಎಲ್ಲಾರಿಗೂ ಹಿಂಗ ಹೇಳತೇನ್ರಿ ಅವ್ವಾರ."

ಚಿನ್ನಿ ಮೂರು ಕಾಲಲ್ಲಿ ವರ್ಷಗಟ್ಟಲೆ ಬಾಳಿದಳು. ಕಪಾಟು ಹತ್ತುವುದನ್ನು ಬಿಟ್ಟು ಅವ್ವನ ತೊಡೆ ಹತ್ತುವುದನ್ನು ಕಲಿತಳು. ಕೆಮ್ಮು ಕೇಳಿದಾಗಲೆಲ್ಲ ನಾನು ಗಾಬರಿಯಿಂದ ಎದ್ದು ಕೂರುತ್ತಿದ್ದೆ. ಕೆಮ್ಮಿದ್ದು ನಾನೇ ಆಗಿರುತ್ತಿದ್ದೆ. ಅವ್ವ ಹೋದಮೇಲೆ ಅವಳು ಹೊದೆಯುತ್ತಿದ್ದ ಕೌದಿ ಚಿನ್ನಿಯದಾಯಿತು. ಹಣ್ಣು ಮುದುಕಿಯಾಗಿ ಅದರ ಮೇಲೆಯೇ ಕಣ್ಣು ಮುಚ್ಚಿದಳು.

ಹಿಟ್ಟಿನ ಜಾಡು ಹಿಡಿದು ಹಿತ್ತಲ ಬಾಗಿಲಿಗೆ ಹೋದೆ. ಮರಿ ಕಾಲು ನೆಕ್ಕುತ್ತ ಕುಳಿತಿತ್ತು. ಹಿಂದಾಗಿದ್ದರೆ ಮುಖ ತಿರುಗಿಸಿ ಒಳಗೆ ಬರುತ್ತಿದ್ದೆನೇನೋ. ಇವತ್ತು ಕೂತು, ಕಾಲು ಹಿಡಿದು ನೋಡಿದೆ. ಜಾಲಿಮುಳ್ಳು. ಕಿತ್ತೆ. ಮರಿ ನನ್ನ ಕೈ ಪರಚಿ, ಮತ್ತೆ ಹಿಟ್ಟು ತುಳಿದುಕೊಂಡು ಒಳಗೆ ಓಡಿತು. ಈ ಸಲ ಗುರುತುಗಳೆಲ್ಲ ಪೂರ್ತಿ ಮೂಡಿದ್ದವು. ಒರೆಸಲು ಬಟ್ಟೆ ತಂದವನು ಆ ಗುರುತುಗಳನ್ನು ಬಿಟ್ಟು ಸುತ್ತಲಷ್ಟೇ ಒರೆಸಿದೆ.