ಅನ್ವರ್ ಪಾಷಾ ಹೂತಿಟ್ಟ ತೊಗಲು

ಅನ್ವರ್ ಪಾಷಾ ಸಾಹೇಬರಿಗೆ ಕುದುರೆ ಹತ್ತಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರ ಗ್ಯಾರೇಜಿಗೆ ಬರುವ ಅಮೆರಿಕನ್ನರೆಲ್ಲ ಮೊದಲು ಕೇಳುವುದೇ ಅದನ್ನು. ಜೀನು ಹೊಲಿಯುವವನಿಗೆ ಸವಾರಿ ಯಾಕೆ ಬರಬೇಕು ಎನ್ನುವುದು ಸಾಹೇಬರ ವಾದ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅವರ ಅಬ್ಬಾ ನಲವತ್ತು ವರ್ಷ ಪೊಲೀಸ್ ಕುದುರೆಗಳಿಗೂ ರೇಸಿನ ಕುದುರೆಗಳಿಗೂ ಜೀನು ಹೊಲಿದರು. ಅವರು ಜೀವಮಾನವೆಲ್ಲ ಓಡಾಡಿದ್ದು ಸೈಕಲ್ಲಿನಲ್ಲಿ.

ಹೆಂಡತಿ ಮಕ್ಸೂದಾಗೆ ಅಮೆರಿಕದ ಶಾರ್ಲೆಟ್‌ನಲ್ಲಿ ಫಾರ್ಮಸಿಸ್ಟ್ ಕೆಲಸ ಸಿಕ್ಕಿತೆಂದು ಬಂದವರು ಸಾಹೇಬರು. ಅದೇ ಊರಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಮನೆ ಮಾಡಿ, ಕಾರು ನಿಲ್ಲಿಸುವ ಗ್ಯಾರೇಜಿನಲ್ಲೇ ಜೀನು ದುರಸ್ತಿಗೆ ಕೂತರು. ಅಕ್ಕಪಕ್ಕದ ಕನ್ನಡದವರೆಲ್ಲ ಬ್ಯಾಂಕು, ಐಟಿ. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ನಲ್ಲಿ ಯಾರಾದರೂ ಕೆಲಸ ಎಲ್ಲಿ ಎಂದು ಕೇಳಿದರೆ ಇವರು "ಗ್ಯಾರೇಜಲ್ಲಿ" ಎನ್ನುತ್ತಿದ್ದರು. ಕೇಳಿದವರು ತಮ್ಮ ಕಾರಿನ ಬ್ರೇಕಿನ ತೊಂದರೆ ಹೇಳಲು ಶುರುಮಾಡುತ್ತಿದ್ದರು. ಸಾಹೇಬರು ಅದನ್ನೂ ತಾಳ್ಮೆಯಿಂದ ಕೇಳಿ, ಬಿರಿಯಾನಿ ಬಡಿಸಿಕೊಳ್ಳುತ್ತಿದ್ದರು.

ಅಬ್ಬಾ ಕಲಿಸಿದ ಎರಡು ನೇಮಗಳನ್ನು ಅವರು ಸಮುದ್ರ ದಾಟಿದ ಮೇಲೂ ಬಿಡಲಿಲ್ಲ. ಒಂದು, ಕೊಳೆತ ತೊಗಲನ್ನು ಚೂರೂ ಉಳಿಸದೆ ಬಿಚ್ಚಿ ತೆಗೆಯಬೇಕು, ಉಳಿಸಿದರೆ ಹೊಸದಕ್ಕೂ ಅದೇ ರೋಗ. ತೆಗೆದದ್ದನ್ನು ಕಸದ ಬುಟ್ಟಿಗೆ ಹಾಕಕೂಡದು. ಒಂದು ಜೀವದ ಚರ್ಮ ಅದು, ಗಿಡದ ಬುಡದಲ್ಲಿ ಹೂಳಬೇಕು. ಇನ್ನೊಂದು, ಕೆಲಸ ಮುಗಿದ ಮೇಲೆ ಕಣ್ಣಿಗೆ ಬೀಳದ ಕಡೆ ತಮ್ಮ ಮುದ್ರೆ ಒತ್ತಬೇಕು. ಅರ್ಧಚಂದ್ರ, ಪಕ್ಕದಲ್ಲಿ ಎರಡು ಚುಕ್ಕೆ. ಆ ಉಕ್ಕಿನ ಅಚ್ಚು ಅಬ್ಬಾರಿಂದ ಬಂದದ್ದು.

ಮಕ್ಸೂದಾಗೆ ಕೆಲಸ ಬದಲಾಗಿ ಪಕ್ಕದ ರಾಜ್ಯದ ಅಲ್ಫರೆಟಾಗೆ ಬಂದ ಕೆಲವು ವರ್ಷಕ್ಕೆ ಕೋವಿಡ್ ಬಂತು. ಮನೆಯಲ್ಲಿ ಕೂತ ಜನ ಅಟ್ಟ, ಕೊಟ್ಟಿಗೆ ಗುಡಿಸತೊಡಗಿದರು. ಹಳೆಯ ಜೀನುಗಳ ಫೋಟೋ ಸಾಹೇಬರ ಫೋನಿಗೆ ಸುರಿಯತೊಡಗಿದವು. ಇದು ನಮ್ಮ ಮುತ್ತಜ್ಜನದು, ಟೆಕ್ಸಸ್‌ನದು, ನಿಜವೋ ಸುಳ್ಳೋ ಹೇಳಿ. ಸಾಹೇಬರಿಗೆ ರುಚಿ ಹತ್ತಿತು. ಯಾವ ಊರಿನ ಅಂಗಡಿ ಯಾವ ವರ್ಷ ಯಾವ ಮುದ್ರೆ ಒತ್ತುತ್ತಿತ್ತು, ಯಾವ ಕಾಲದಲ್ಲಿ ಯಾವ ಮೊಳೆ ಹೊಡೆಯುತ್ತಿದ್ದರು ಎಂದು ಹಳೆಯ ಕ್ಯಾಟಲಾಗ್‌ಗಳನ್ನು ತಿರುವಿ ತಿರುವಿ ಕಲಿತರು. ನಿಜವಾಗಿ ಸವಾರಿ ಕಂಡ ಜೀನಾದರೆ ಎಡಗಡೆಯಲ್ಲಿ ಕಾಲಿಡುವ ರಿಕಾಪಿನ ಪಟ್ಟಿ ಬಲಗಡೆಯದಕ್ಕಿಂತ ಕೊಂಚ ಉದ್ದ ಇರುತ್ತದೆ, ಏಕೆಂದರೆ ಸವಾರ ಎಡಗಾಲಿಟ್ಟೇ ಹತ್ತುವುದು. ಚಹಾದಲ್ಲಿ ನೆನೆಸಿ ಹಳತು ಮಾಡಿದ ತೊಗಲನ್ನು ಮೂಸಿಯೇ ಹೇಳುತ್ತಿದ್ದರು. ಸುಳ್ಳು ಜೀನಾದರೆ ಮುಖದ ಮೇಲೆ ಹೊಡೆದಂತೆ ಸುಳ್ಳು ಎಂದುಬಿಡುತ್ತಿದ್ದರು. ಒಬ್ಬ ವಿಧವೆ ಫೋನಿನಲ್ಲೇ ಅತ್ತಳು, ಆದರೂ ಮಾತು ಬದಲಿಸಲಿಲ್ಲ. ಸ್ವಲ್ಪ ಮೆತ್ತಗೆ ಹೇಳಬಾರದೇ ಎಂದು ಮಕ್ಸೂದಾ ಬೈದಳು. ಮೆತ್ತಗೆ ಹೇಳಿದರೆ ನಿಜ ಆಗಿಬಿಡುತ್ತದೆಯೇ ಎಂದು ಇವರು ರೇಗಿದರು.

೨೦೨೨ರಲ್ಲಿ ಫೇರ್‌ಫ್ಯಾಕ್ಸ್‌ನಿಂದ ಶೇಷಾದ್ರಿ ಫೋನ್ ಮಾಡಿದರು. ಮೈಸೂರಿನವರೇ, ಸರ್ಕಾರಿ ಕಾಂಟ್ರಾಕ್ಟ್ ಕೆಲಸದಿಂದ ನಿವೃತ್ತರಾಗಿ ವಾಷಿಂಗ್ಟನ್ ಹತ್ತಿರದ ಒಂದು ಸಣ್ಣ ಮ್ಯೂಸಿಯಂನಲ್ಲಿ ಸಂಬಳವಿಲ್ಲದೆ ಕಾಗದಪತ್ರ ನೋಡುತ್ತಿದ್ದರು. ದನ ಹೊಡೆಯುತ್ತಿದ್ದ ಕಪ್ಪು ಜನಾಂಗದ ಕೌಬಾಯ್‌ಗಳ ಬಗ್ಗೆ ಅಲ್ಲೊಂದು ಪ್ರದರ್ಶನ ಸಿದ್ಧವಾಗುತ್ತಿತ್ತು. ಸೌತ್ ಕೆರೊಲೈನಾದ ಅಜ್ಜಿಯೊಬ್ಬಳು ತನ್ನ ತಾತನ ಜೀನು ಕೊಟ್ಟಿದ್ದಾಳೆ, ಅದನ್ನು ನೀವೇ ಪರೀಕ್ಷಿಸಬೇಕೆಂದು ಹಠ ಹಿಡಿದಿದ್ದಾಳೆ ಎಂದರು.

ಹೆಸರು ಕೇಳುತ್ತಲೇ ಸಾಹೇಬರಿಗೆ ಗೊತ್ತಾಯಿತು. ಅರ್ಲೀನ್ ಅಜ್ಜಿ! ೨೦೦೮ರಲ್ಲಿ ಅದೇ ಜೀನನ್ನು ಬ್ಯಾಲಂಟೈನ್‌ನ ಗ್ಯಾರೇಜಿಗೆ ತಂದಿದ್ದವಳು. ಆಗ ಸೀಟು ಕುಸಿದು, ಹೊಲಿಗೆ ಬಿಟ್ಟು, ಇಲಿ ತಿಂದಿತ್ತು. ಮೂರು ವಾರ ಕೂತು ಅದಕ್ಕೆ ಜೀವ ತುಂಬಿದ್ದರು.

ಅಜ್ಜಿಗೆ ಈಗ ಎಂಬತ್ತನಾಲ್ಕು. ಅವಳ ತಾತ ಎಫ್ರಾಯಿಮ್ ಟೆಕ್ಸಸ್‌ಗೆ ಹೋಗಿ ಹತ್ತು ವರ್ಷ ದನದ ಹಿಂಡು ಹೊಡೆದು, ಹೆಗಲ ಮೇಲೆ ಈ ಜೀನು ಹೊತ್ತು ಊರಿಗೆ ಮರಳಿದವನು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ನಮ್ಮ ತಾತ ಕೌಬಾಯ್ ಎಂದಾಗ ಟೀಚರೂ ಸೇರಿ ತರಗತಿಯೆಲ್ಲ ನಕ್ಕಿತ್ತಂತೆ. ತಾನು ಸಾಯುವ ಮೊದಲು ಆ ಹೆಸರು ಗೋಡೆಯ ಮೇಲೆ ಕಾಣಬೇಕು, ಅಷ್ಟೇ ಅವಳ ಆಸೆ. ಹೆಸರು ಹಾಕಲು ಮ್ಯೂಸಿಯಂಗೆ ಆಧಾರ ಬೇಕು. ಮನೆಯವರ ಬಾಯಿಮಾತು ಸಾಲದು.

ಮ್ಯೂಸಿಯಂನವರು ಕಳಿಸಿದ ಜೀನನ್ನು ಮುಂದಿಟ್ಟುಕೊಂಡು ಸಾಹೇಬರು ಹುಮ್ಮಸ್ಸಿನಿಂದ ಕೂತರು. ತಯಾರಕನ ಮುದ್ರೆ ಗಟ್ಟಿಯಾಗಿತ್ತು, ೧೮೮೫ರ ಆಸುಪಾಸು. ಎಡಗಡೆಯ ಪಟ್ಟಿ ಎಳೆದು ಉದ್ದವಾಗಿತ್ತು. ಎಲ್ಲವೂ ಅಸಲಿ. ಆದರೆ ಎಫ್ರಾಯಿಮ್‌ನ ಹೆಸರು ಎಲ್ಲೂ ಇಲ್ಲ. ಅಷ್ಟರಲ್ಲಿ ಅಜ್ಜಿಯ ಚರ್ಚಿನ ಪೆಟ್ಟಿಗೆಯಿಂದ ಹಳೆಯ ಕಾಗದವೊಂದು ಸಿಕ್ಕಿತು. ಶೇಷಾದ್ರಿ ಸಂಭ್ರಮ ತಡೆಯಲಾರದೆ ಫೋನ್ ಮಾಡಿದರು.

"ಪಾಷಾ ಸಾಹೇಬ್ರೇ, ಸಿಕ್ತು. ತಾತ ತನ್ನ ತಾಯಿಗೆ ಬರ್ದಿರೋ ಲೆಟರ್. ಜೀನು ಕಳ್ಳತನ ಆಗ್ಬಾರ್ದು ಅಂತ ಸೀಟಿನ ಕೆಳಗಡೆ ತೊಗಲಲ್ಲಿ ಚಾಕುನಲ್ಲಿ ಹೆಸರು ಕೆತ್ತಿದೀನಿ ಅಂತಾನೆ. ನೀವು ಸೀಟ್ ಎತ್ತಿ ಒಂದು ಫೋಟೋ ಕಳ್ಸಿ, ಕೆಲಸ ಮುಗೀತು."

ಸಾಹೇಬರು ಫೋನ್ ಕೆಳಗಿಟ್ಟರು. ಸೀಟಿನ ಕೆಳಗಿನ ತೊಗಲನ್ನು ಹದಿನಾಲ್ಕು ವರ್ಷದ ಹಿಂದೆ ಬಿಚ್ಚಿ ತೆಗೆದವರು ಅವರೇ. ಅದರ ಮೇಲೆ ಅಡ್ಡಾದಿಡ್ಡಿ ಗೀರುಗಳಿದ್ದದ್ದೂ ಅವರಿಗೆ ಚೆನ್ನಾಗಿ ನೆನಪಿತ್ತು. ಯಾವನೋ ತಲೆಕೆಟ್ಟವನು ಇದರ ಮೇಲೆ ಮಾಂಸ ಕೊಯ್ದಿದ್ದಾನೆ ಎಂದು ಮಕ್ಸೂದಾಗೆ ತೋರಿಸಿ ನಕ್ಕಿದ್ದರು. ಆಮೇಲೆ ಅಬ್ಬಾರ ನೇಮದಂತೆ ಹಿತ್ತಲಿನ ದಾಳಿಂಬೆ ಗಿಡದ ಬುಡದಲ್ಲಿ ಹೂತಿದ್ದರು.

ಮರುದಿನ ಬೆಳಗ್ಗೆ ನಾಲ್ಕು ಗಂಟೆ ಕಾಲ ಡ್ರೈವ್ ಮಾಡಿ ಬ್ಯಾಲಂಟೈನ್‌ನ ಹಳೆಯ ಮನೆಯ ಕದ ತಟ್ಟಿದರು. ಈಗ ಅಲ್ಲಿದ್ದದ್ದು ನಮ್ರತಾ ಎಂಬ ಹುಬ್ಬಳ್ಳಿಯ ಹುಡುಗಿ. ಅಂಕಲ್ ಹಾರೆ ಹಿಡಿದು ಹಿತ್ತಲು ಅಗೆಯಲು ಅನುಮತಿ ಕೇಳಿದಾಗ ಅವಳು ಗಾಬರಿಯಾದರೂ ಬೇಡ ಎನ್ನಲಿಲ್ಲ. ದಾಳಿಂಬೆ ಗಿಡ ಚೆನ್ನಾಗಿ ಬೆಳೆದಿತ್ತು, ಕಾಯಿ ತುಂಬಿತ್ತು. ಅರವತ್ತೆಂಟು ವರ್ಷದ ಮನುಷ್ಯ ಮಧ್ಯಾಹ್ನದವರೆಗೆ ಕೆಮ್ಮಣ್ಣು ಅಗೆದರು. ಸಿಕ್ಕಿದ್ದು ತುಕ್ಕು ಹಿಡಿದ ಏಳು ಮೊಳೆ. ತೊಗಲನ್ನು ಗಿಡ ಎಂದೋ ತಿಂದು ಮುಗಿಸಿತ್ತು. ನಮ್ರತಾ ಹಣ್ಣು ಕಿತ್ತು ಚೀಲಕ್ಕೆ ಹಾಕಿಕೊಡಲು ಬಂದಳು. ಸಾಹೇಬರು ಬೇಡವೆಂದು ಕೈಯಾಡಿಸಿ, ಕಾರಿನಲ್ಲಿ ಕೂತು ಮಗುವಿನಂತೆ ಅತ್ತರು.

ಎಲ್ಲ ಕೇಳಿ ಶೇಷಾದ್ರಿ ಮೆಲ್ಲಗೆ ಹೇಳಿದರು.

"ಕೆತ್ತಿದ್ದನ್ನ ನೀವೇ ಕಣ್ಣಾರೆ ನೋಡಿದೀರಲ್ಲ. ಎಫ್ರಾಯಿಮ್ ಅಂತ ಇತ್ತು ಅಂತ ಒಂದು ಲೈನ್ ಬರೀರಿ ಸಾಕು. ನಿಮ್ಮ ಮಾತನ್ನ ಯಾರೂ ಕ್ವೆಶ್ಚನ್ ಮಾಡಲ್ಲ."

"ನಾನು ನೋಡಿದ್ದು ಗೀರು, ಸಾರ್. ಹೆಸರು ಓದಲಿಲ್ಲ."

"ಹೆಸರೇ ಇದ್ದದ್ದು ಅಂತ ಈಗ ನಮಗೆ ಗೊತ್ತಲ್ವಾ?"

"ಗೊತ್ತು. ಆದ್ರೆ ಓದಲಿಲ್ಲ."

ಆ ಒಂದು ಸಾಲು ಬರೆಯಲು ಸಾಹೇಬರು ಎರಡು ದಿನ ಪೆನ್ನು ಹಿಡಿದು ಕೂತರು. ಊರವರ ಸುಳ್ಳುಗಳನ್ನು ಮುಲಾಜಿಲ್ಲದೆ ಬಯಲು ಮಾಡಿದ ಕೈಗೆ ತನ್ನ ಸುಳ್ಳು ಬರೆಯಲಾಗಲಿಲ್ಲ. ಬರೆದುಬಿಡಿ, ಪಾಪ ಮುದುಕಿ, ಎಂದು ಈ ಸಲ ಮಕ್ಸೂದಾ ಬೇಡಿಕೊಂಡಳು. ಸಾಹೇಬರು ಆದದ್ದನ್ನು ಆದಂತೆ ಬರೆದರು. ತೊಗಲು ತೆಗೆದವನು ನಾನು, ಗೀರುಗಳಿದ್ದವು, ನಾನು ಓದಲಿಲ್ಲ.

ಅಜ್ಜಿಗೆ ಮಾತ್ರ ಖುದ್ದಾಗಿ ಹೋಗಿ ಹೇಳಿದರು. ಅವಳು ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು. ಒಂದಾದರೂ ಅಕ್ಷರ ನೆನಪಿದೆಯೇ ಎಂದು ಕೇಳಿದಳು. ಸಾಹೇಬರು ಇಲ್ಲವೆಂದು ತಲೆಯಾಡಿಸಿದರು. ಮೊದಲಕ್ಷರ? ಅದೂ ಇಲ್ಲ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಮುಂದಿನ ವಸಂತದಲ್ಲಿ ಪ್ರದರ್ಶನ ತೆರೆಯಿತು. ಜೀನು ಅಸಲಿಯೇ ಆದ್ದರಿಂದ ಮ್ಯೂಸಿಯಂನವರು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕಾಗದದಲ್ಲಿ ಹೇಳಿರುವ ಜೀನು ಇದೇ ಎನ್ನಲು ಆಧಾರವಿಲ್ಲವೆಂದು ಕಾಗದವನ್ನು ಇಡಲಿಲ್ಲ. ಸೀಟಿನ ಕೆಳಗೆ ಸಾಹೇಬರು ಒತ್ತಿದ್ದ ಅರ್ಧಚಂದ್ರ ಎಲ್ಲರಿಗೂ ಕಾಣಲೆಂದು ಅಡಿಯಲ್ಲೊಂದು ಕನ್ನಡಿ ಇಟ್ಟಿದ್ದರು. ಅಜ್ಜಿ ಗಾಲಿಕುರ್ಚಿಯಲ್ಲಿ ಬಂದಳು. ಸಾಹೇಬರೇ ತಳ್ಳಿಕೊಂಡು ಹೋದರು. ಪೆಟ್ಟಿಗೆಯ ಪಕ್ಕದ ಫಲಕದ ಮೇಲೆ ಬೆರಳಿಟ್ಟು ಅವಳು ಗಟ್ಟಿಯಾಗಿ ಓದಿದಳು: "ಜೀನು, ಟೆಕ್ಸಸ್, ಸುಮಾರು ೧೮೮೫. ಬಳಸಿದವರು ಯಾರೆಂದು ತಿಳಿದಿಲ್ಲ. ದುರಸ್ತಿ, ಅನ್ವರ್ ಪಾಷಾ."

ಓದಿ ಮುಗಿಸಿ ಹಿಂತಿರುಗಿ, ಫಲಕದ ಹಿಂಬದಿಯಲ್ಲೂ ಏನಾದರೂ ಬರೆದಿರಬಹುದು, ಸ್ವಲ್ಪ ನೋಡಿ ಹೇಳುತ್ತೀರಾ ಎಂದು ಸಾಹೇಬರನ್ನೇ ಕೇಳಿದಳು.